ಹುಟ್ಟಿದ ಮನೆ, ಹೊರಟ ಮನೆ: ಹೋರಾಟಗಾರರ ಪೂರ್ವಜರ ಮನೆಗಳು ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಗುಜರಾತಿನ ಪೋರಬಂದರಿನ ಹಳೆಯ ಪೇಟೆಯಲ್ಲಿ ಮೂರು ಅಂತಸ್ತಿನ ಒಂದು ಮನೆಯಿದೆ. ಗಾಂಧೀಜಿಯವರ ಮುತ್ತಜ್ಜ ಹರಜೀವನ ಗಾಂಧಿಯವರು 1777ರಲ್ಲಿ ಕೊಂಡ ಮನೆಯದು. ಕಿರಿದಾದ ಕೋಣೆಗಳು, ತಗ್ಗಾದ ಬಾಗಿಲುಗಳು, ಕಡಿದಾದ ಮರದ ಮೆಟ್ಟಿಲುಗಳು. 1869ರ ಅಕ್ಟೋಬರ್ 2ರಂದು ಮೋಹನದಾಸನು ಹುಟ್ಟಿದ ಸ್ಥಳವನ್ನು ಕೆಳಗಿನ ಕೋಣೆಯೊಂದರ ನೆಲದ ಮೇಲೆ ಸ್ವಸ್ತಿಕದಿಂದ ಗುರುತಿಸಲಾಗಿದೆ. ಆ ಮನೆಗೆ ತಾಗಿದಂತೆ 1950ರಲ್ಲಿ ಸರ್ದಾರ್ ಪಟೇಲರು ಉದ್ಘಾಟಿಸಿದ ಕೀರ್ತಿಮಂದಿರವು ನಿಂತಿದೆ. ತಮ್ಮ 79ನೆಯ ವರ್ಷದಲ್ಲಿ ತೀರಿಕೊಂಡ ಗಾಂಧೀಜಿಯವರ ನೆನಪಿಗಾಗಿ ಅದರ ಎತ್ತರ 79 ಅಡಿ. ಹೀಗೆ ಪ್ರವಾಸಿಯ ಕಣ್ಣೆದುರಿಗೆ ಎರಡು ಕಟ್ಟಡಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ: ಒಂದು ಮನೆ, ಮತ್ತೊಂದು ಮಂದಿರ. ಒಂದರಲ್ಲಿ ಒಂದು ಸಂಸಾರ ಬದುಕಿತ್ತು. ಮತ್ತೊಂದರಲ್ಲಿ ಎಂದೂ ಯಾರೂ ಬದುಕಿದ್ದಿಲ್ಲ.

ಈ ಜೋಡಿಯನ್ನು ಕಂಡವರಲ್ಲಿ ಒಂದು ಪ್ರಶ್ನೆ ಏಳಬೇಕು. ಸುಮಾರು ಏಳನೆಯ ವಯಸ್ಸಿನಲ್ಲಿ ಆ ಬಾಲಕನು ತಂದೆಯ ಉದ್ಯೋಗದ ನಿಮಿತ್ತ ರಾಜಕೋಟೆಗೆ ಹೊರಟುಹೋದನು. ಅವನ ಶಾಲೆ, ಅವನ ತಪ್ಪೊಪ್ಪಿಗೆ, ತಂದೆಯ ಮರಣ, ಇವೆಲ್ಲವೂ ರಾಜಕೋಟೆಯವು. ಮುಂದಿನದು ಲಂಡನ್, ದಕ್ಷಿಣ ಆಫ್ರಿಕ, ಸಾಬರಮತಿ, ಸೇವಾಗ್ರಾಮ. ಹಾಗಿದ್ದಲ್ಲಿ ಪೋರಬಂದರಿನ ಮನೆಯು ಗಾಂಧಿಯ ಬಗ್ಗೆ ಏನನ್ನು ಹೇಳುತ್ತದೆ? ಆತನ ಪೂರ್ವಜರು ಯಾರಾಗಿದ್ದರು ಎಂಬುದನ್ನು ಹೇಳುತ್ತದೆ. ಆತನು ಏನನ್ನು ಬಿಟ್ಟು ನಡೆದನು ಎಂಬುದನ್ನು ಹೇಳಬಲ್ಲದು. ಆದರೆ ಆತನು ಏನಾದನು ಎಂಬುದನ್ನು ಆ ಗೋಡೆಗಳು ಹೇಳಲಾರವು. ಪೂರ್ವಜರ ಮನೆಯನ್ನು ಸಂಗ್ರಹಾಲಯವಾಗಿಸುವ ಪ್ರತಿಯೊಂದು ಪ್ರಯತ್ನವೂ ಎದುರಿಸಬೇಕಾದ ಮೊದಲ ತೊಡಕು ಇದು.

ಸುಭಾಷಚಂದ್ರ ಬೋಸರ ವಿಷಯದಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗಿದೆ. ಅವರ ಪೂರ್ವಜರ ಊರು ಬಂಗಾಳದ ಕೊದಾಲಿಯ. ಅವರು 1897ರ ಜನವರಿ 23ರಂದು ಹುಟ್ಟಿದ್ದು ಒಡಿಶಾದ ಕಟಕದಲ್ಲಿ, ವಕೀಲರಾಗಿದ್ದ ತಂದೆ ಜಾನಕೀನಾಥರ ಮನೆಯಲ್ಲಿ. ಆ ಮನೆ ಇಂದು ಸಂಗ್ರಹಾಲಯವಾಗಿದೆ. ಆದರೆ ದೇಶದ ಮನಸ್ಸಿನಲ್ಲಿ ಉಳಿದಿರುವುದು ಮೂರನೆಯ ಮನೆ, ಕಲ್ಕತ್ತೆಯ ಎಲ್ಗಿನ್ ರಸ್ತೆಯದು. 1941ರ ಜನವರಿ 16ರ ನಡುರಾತ್ರಿ ಕಳೆದ ಮೇಲೆ, ಗೃಹಬಂಧನದಲ್ಲಿದ್ದ ಸುಭಾಷರು ವೇಷ ಮರೆಸಿಕೊಂಡು ಅಲ್ಲಿಂದ ಹೊರಬಿದ್ದರು. ಅಣ್ಣನ ಮಗ ಶಿಶಿರಕುಮಾರ ಬೋಸರು ಕಾರು ನಡೆಸಿ ಅವರನ್ನು ಗೋಮೋ ರೈಲುನಿಲ್ದಾಣದವರೆಗೆ ತಲುಪಿಸಿದರು. ಆ ವಾಂಡರರ್ ಕಾರು ಇಂದಿಗೂ ಆ ಮನೆಯಲ್ಲಿದೆ. ಅವರು ಕೋಣೆಯಿಂದ ಹೊರನಡೆದ ಹಾದಿಯನ್ನು ನೆಲದ ಮೇಲೆ ಹೆಜ್ಜೆಗುರುತುಗಳಿಂದ ತೋರಿಸಲಾಗಿದೆ. ನೋಡಬಂದವರ ದೃಷ್ಟಿ ಮಂಚದಿಂದ ಬಾಗಿಲಿನ ಕಡೆಗೆ ತಿರುಗುವಂತೆ ಆ ಸಂಗ್ರಹಾಲಯ ಮಾಡುತ್ತದೆ. ಅದೇ ಅದರ ವಿವೇಕ. ಹೋರಾಟಗಾರನ ಮನೆಯಲ್ಲಿ ಅತ್ಯಂತ ಮುಖ್ಯವಾದ ವಸ್ತುವೆಂದರೆ ಅವನು ದಾಟಿದ ಹೊಸ್ತಿಲು.

ಭಗತ್ ಸಿಂಗರು ಹುಟ್ಟಿದ ಬಂಗಾ ಗ್ರಾಮ ಇಂದು ಪಾಕಿಸ್ತಾನದಲ್ಲಿದೆ. ಅವರ ಪೂರ್ವಜರ ಮನೆ ಭಾರತದ ಪಂಜಾಬಿನ ಖಟ್ಕರ್ ಕಲಾನ್‌ನಲ್ಲಿದೆ. ಅವರ ಹೆಸರಿನ ಸಂಗ್ರಹಾಲಯವೂ ಅದೇ ಊರಿನಲ್ಲಿದೆ. ಹುಟ್ಟಿದ ನೆಲ ಗಡಿಯಾಚೆ ಹೋದಾಗ ಪೂರ್ವಜರ ನೆಲವೇ ನೆನಪಿನ ಭಾರವನ್ನು ಹೊರಬೇಕಾಯಿತು. ‘ಪೂರ್ವಜರ ಮನೆ’ ಎಂಬ ಮಾತು ಸರಳವಾಗಿ ಕಂಡರೂ ಅದರ ಹಿಂದೆ ಆಯ್ಕೆಯಿದೆ, ಇತಿಹಾಸದ ಒತ್ತಡವಿದೆ, ಎಷ್ಟೋ ಸಲ ಆಕಸ್ಮಿಕವೂ ಇದೆ.

ಈ ಹಿನ್ನೆಲೆಯಲ್ಲಿ ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ಸೀಮೆಗಳನ್ನು, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳನ್ನು ನೋಡಬೇಕು. ಶಾಸನಾಭ್ಯಾಸಿಗಳಿಗೆ ಇದು ಚಂಗಾಳ್ವರ ನಾಡು. ಜೈನಸಾಹಿತ್ಯದ ಓದುಗರಿಗೆ ಮೂರನೆಯ ಮಂಗರಸನ ನಾಡು. ಪ್ರವಾಸಿಗಳಿಗೆ ಕಬಿನಿ, ಕಾಕನಕೋಟೆ, ಚುಂಚನಕಟ್ಟೆಗಳ ನಾಡು. ಸ್ವಾತಂತ್ರ್ಯ ಚಳವಳಿಯ ನಕ್ಷೆಯಲ್ಲಿ ಮಾತ್ರ ಈ ಭಾಗವನ್ನು ಗುರುತಿಸುವವರು ವಿರಳ. ವಿದುರಾಶ್ವತ್ಥ, ಶಿವಪುರ, ಈಸೂರು, ಅಂಕೋಲಗಳ ಹೆಸರನ್ನು ಹೇಳುವ ವಿದ್ಯಾರ್ಥಿಯು ತನ್ನ ತಾಲ್ಲೂಕಿನ ಸರದಿ ಬಂದಾಗ ಸುಮ್ಮನಾಗುತ್ತಾನೆ. ತಪ್ಪು ಅವನದಲ್ಲ, ಕಲಿಸಬೇಕಾದವರದು.

ಏಕೆಂದರೆ ಮೈಸೂರು ಸಂಸ್ಥಾನದ ರಾಜಕೀಯ ಜಾಗೃತಿಯ ಹಿರಿಯರೊಬ್ಬರು ಹುಟ್ಟಿದ್ದು ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ. ಅವರು ‘ತಾತಯ್ಯ’ ಎಂದೇ ಜನರು ಕರೆದ ಎಂ. ವೆಂಕಟಕೃಷ್ಣಯ್ಯನವರು (1844-1933). ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ಅವರು ಒಂದು ತಲೆಮಾರನ್ನು ತಿದ್ದಿದರು. ಅನಾಥ ವಿದ್ಯಾರ್ಥಿಗಳಿಗೆ ಅನ್ನ ಮತ್ತು ಆಶ್ರಯದ ವ್ಯವಸ್ಥೆ ಮಾಡಿದರು. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮುಂತಾದ ಪತ್ರಿಕೆಗಳ ಮೂಲಕ ಸಂಸ್ಥಾನದ ಆಡಳಿತವನ್ನು ಪ್ರಶ್ನಿಸುವ ಭಾಷೆಯನ್ನು ಕನ್ನಡಕ್ಕೆ ಕಲಿಸಿದರು. 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಜಾರಿಗೆ ಬಂದ ವೃತ್ತಪತ್ರಿಕಾ ಕಾಯಿದೆಯು ಸಂಸ್ಥಾನದ ಪತ್ರಿಕೆಗಳ ಕೊರಳನ್ನು ಹಿಡಿಯಿತು. ತಾತಯ್ಯನವರ ಪತ್ರಿಕಾವ್ಯವಸಾಯವೂ ಆ ಪೆಟ್ಟನ್ನು ಉಂಡಿತು. ಅರಮನೆಯೇ ‘ದಯಾಸಾಗರ’ ಎಂದು ಗೌರವಿಸಿದ ವ್ಯಕ್ತಿ, ಅದೇ ಅರಮನೆಯ ಸರ್ಕಾರವನ್ನು ಬರಹದಿಂದ ತಿದ್ದಲು ಹೊರಟವರು. ಅವರನ್ನು ಹೋರಾಟಗಾರರೆನ್ನಬೇಕೆ, ಸುಧಾರಕರೆನ್ನಬೇಕೆ ಎಂಬ ಜಿಜ್ಞಾಸೆಯು ಉಳಿದುಕೊಂಡಿದ್ದರೆ ಅದಕ್ಕೆ ಕಾರಣ ಮೈಸೂರಿನ ಚಳವಳಿಯ ಸ್ವರೂಪವೇ.

ಇದನ್ನು ಸ್ವಲ್ಪ ವಿವರಿಸಬೇಕು. ಬ್ರಿಟಿಷ್ ಇಂಡಿಯಾದ ಹೋರಾಟಗಾರನಿಗೆ ಎದುರಾಳಿ ಯಾರೆಂಬುದು ನಿಚ್ಚಳವಾಗಿತ್ತು. ಮೈಸೂರಿನ ಪ್ರಜೆಗೆ ಹಾಗಿರಲಿಲ್ಲ. ಇಲ್ಲಿ 1881ರಷ್ಟು ಹಿಂದೆಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. ಮಹಾರಾಜರ ಮೇಲೆ ಜನರಿಗೆ ಗೌರವವಿತ್ತು. ಅಧಿಕಾರ ಮಾತ್ರ ಜನರ ಕೈಯಲ್ಲಿರಲಿಲ್ಲ. ಆದ್ದರಿಂದ ಇಲ್ಲಿಯ ಬೇಡಿಕೆ ಜವಾಬ್ದಾರಿ ಸರ್ಕಾರದ್ದಾಗಿತ್ತು. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲಿಬಾರು, 1942ರ ಚಳವಳಿ, ಕೊನೆಗೆ 1947ರ ಸೆಪ್ಟೆಂಬರಿನ ‘ಮೈಸೂರು ಚಲೋ’, ಇವೆಲ್ಲವೂ ಆ ದಾರಿಯ ಮೈಲಿಗಲ್ಲುಗಳು. ದೇಶಕ್ಕೆ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದಿತು. ಮೈಸೂರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿಕೊಂಡದ್ದು ಅಕ್ಟೋಬರಿನಲ್ಲಿ. ಆ ನಡುವಿನ ವಾರಗಳಲ್ಲಿ ಮೈಸೂರು ನಗರದಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿ. ಇಂದು ಅವನ ಹೆಸರು ಒಂದು ವೃತ್ತದ ಹೆಸರಾಗಿ ಉಳಿದಿದೆ. ದಿನವೂ ಅದನ್ನು ದಾಟುವವರಲ್ಲಿ ಆ ಹುಡುಗನು ಸ್ವತಂತ್ರ ಭಾರತದಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ಸತ್ತನೆಂಬುದನ್ನು ಬಲ್ಲವರು ಎಷ್ಟು ಮಂದಿ?

ಮೈಸೂರು ಸೀಮೆಯ ಯಾವುದೇ ಸಂಗ್ರಹಾಲಯವು ಈ ಸಂಕೀರ್ಣತೆಯನ್ನು ಹೇಳಬೇಕಾಗುತ್ತದೆ. ದೇಶದೆಲ್ಲೆಡೆ ಕಾಣುವ ಒಂದೇ ಅಚ್ಚಿನ ಪ್ರದರ್ಶನ, ಅಂದರೆ ಚರಕ, ಊರುಗೋಲು, ಕನ್ನಡಕ, ದಂಡಿಯಾತ್ರೆಯ ದೊಡ್ಡ ಚಿತ್ರ, ಇವನ್ನು ತಂದು ಇಲ್ಲಿ ಜೋಡಿಸಿದರೆ ಇಲ್ಲಿಯ ಕಥೆಯೇ ಮರೆಯಾಗುತ್ತದೆ. ನಾಳೆ ಮಗ್ಗೆಯಲ್ಲಿ ತಾತಯ್ಯನವರ ಸ್ಮಾರಕ ಏಳುವುದಾದರೆ ಅಲ್ಲಿ ಮೊದಲು ಇರಬೇಕಾದದ್ದು ಅವರ ಪತ್ರಿಕೆಗಳ ಪುಟಗಳು. ಅವರ ಆಯುಧ ಅಚ್ಚಿನ ಮೊಳೆಯಾಗಿತ್ತು, ರಣರಂಗ ಮೈಸೂರು ನಗರವಾಗಿತ್ತು. ಹುಟ್ಟಿದ ಊರಿನ ಮನೆಯು ಆ ನಗರದ ಬದುಕಿಗೆ ಒಂದು ಮುನ್ನುಡಿ ಮಾತ್ರ. ಮುನ್ನುಡಿಯನ್ನೇ ಗ್ರಂಥವೆಂದು ತೋರಿಸಿದರೆ ಅದು ವ್ಯಕ್ತಿಗೂ ಗೌರವವಲ್ಲ, ಊರಿಗೂ ಗೌರವವಲ್ಲ.

ಮನೆಗಳನ್ನು ಉಳಿಸುವ ವಿಷಯದಲ್ಲಿ ಕರ್ನಾಟಕವು ಸಾಹಿತಿಗಳ ಮಟ್ಟಿಗೆ ಹೆಚ್ಚು ಶ್ರದ್ಧೆ ತೋರಿದೆ. ಕುಪ್ಪಳಿಯ ಕವಿಮನೆಯು ಇಂದು ಕನ್ನಡಿಗರ ಯಾತ್ರಾಸ್ಥಳ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆಯನ್ನು ಕೆಡಹುವ ಕೆಲಸ 2011ರಲ್ಲಿ ಆರಂಭವಾಗಿದ್ದಾಗ ಸಾರ್ವಜನಿಕರ ಒತ್ತಾಯದಿಂದ ಅದು ನಿಂತಿತು; 2016ರಲ್ಲಿ ಆ ಮನೆ ಸಂಗ್ರಹಾಲಯವಾಗಿ ತೆರೆದುಕೊಂಡಿತು. ಓದುಗರಿದ್ದುದರಿಂದ ಆ ಮನೆ ಉಳಿಯಿತು. ಊರಿನ ಸತ್ಯಾಗ್ರಹಿಗೆ ಓದುಗರಿಲ್ಲ. ಮಕ್ಕಳು, ಮೊಮ್ಮಕ್ಕಳು, ನಾಲ್ಕು ಜನ ನೆರೆಯವರು ಮಾತ್ರ ಇರುತ್ತಾರೆ. ಆಸ್ತಿ ಪಾಲಾಗುತ್ತದೆ, ತೊಟ್ಟಿಯ ಮನೆ ಇಬ್ಭಾಗವಾಗುತ್ತದೆ, ಹಳೆಯ ಕಂಬಗಳು ಮಾರಾಟವಾಗುತ್ತವೆ. ಇದರಲ್ಲಿ ಯಾರನ್ನೂ ದೂಷಿಸುವಂತಿಲ್ಲ. ವಾಸಿಸುವವರಿಗೆ ಮನೆ ಬೇಕು, ಸ್ಮಾರಕವಲ್ಲ. ಆದರೆ ಮನೆಯೊಂದಿಗೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೂ ಹೋಗುತ್ತದೆ. ನಿಜವಾದ ನಷ್ಟ ಅದು.

ಆ ಪೆಟ್ಟಿಗೆಯಲ್ಲಿ ಏನಿರಬಹುದು? 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಹೋರಾಟಗಾರರಿಗೆ ತಾಮ್ರಪತ್ರಗಳನ್ನು ನೀಡಲಾಯಿತು. ಅದೇ ವರ್ಷ ಕೇಂದ್ರ ಸರ್ಕಾರದ ಪಿಂಚಣಿ ಯೋಜನೆಯೂ ಆರಂಭವಾಯಿತು. ಪಿಂಚಣಿ ಬೇಕೆಂದವರು ತಾವು ಸೆರೆಮನೆಯಲ್ಲಿದ್ದುದಕ್ಕೆ ದಾಖಲೆ ಒದಗಿಸಬೇಕಾಗಿತ್ತು. ದಾಖಲೆ ಸಿಗದಿದ್ದಾಗ ಜೊತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರಗಳು ಬೇಕಾಗುತ್ತಿದ್ದವು. ಹೀಗಾಗಿ ಸಾಮಾನ್ಯ ರೈತನೊಬ್ಬನು, ಶಾಲೆಯ ಮೇಷ್ಟ್ರೊಬ್ಬನು, ಎಂದೂ ಆತ್ಮಕಥೆ ಬರೆಯದವನು, ಅರ್ಜಿಯ ನೆಪದಲ್ಲಿ ತನ್ನ ಬದುಕಿನ ಕೆಲವು ತಿಂಗಳುಗಳ ವೃತ್ತಾಂತವನ್ನು ಬರೆಯಬೇಕಾಯಿತು. ಯಾವ ದಿನ ಬಂಧನವಾಯಿತು, ಯಾವ ಜೈಲು, ಜೊತೆಗೆ ಯಾರಿದ್ದರು, ಯಾವಾಗ ಬಿಡುಗಡೆ. ಕಚೇರಿಯ ಭಾಷೆಯಲ್ಲಿರುವ ಆ ಹಾಳೆಗಳು ಕನ್ನಡದ ಅತ್ಯಂತ ಸಂಕ್ಷಿಪ್ತ ಆತ್ಮಕಥೆಗಳು. ತಾಮ್ರಪತ್ರವನ್ನು ಗೋಡೆಗೆ ತೂಗುಹಾಕುತ್ತಾರೆ. ಅರ್ಜಿಯ ನಕಲನ್ನು ರದ್ದಿಗೆ ಹಾಕುತ್ತಾರೆ. ಸಂಶೋಧಕನಿಗೆ ಎರಡನೆಯದೇ ಹೆಚ್ಚು ಬೆಲೆಯದು.

ಮನೆಯೇ ಇಲ್ಲದವರ ಪ್ರಶ್ನೆ ಇನ್ನೂ ಕಠಿಣವಾದುದು. ಸಂಗ್ರಹಾಲಯವಾಗಲು ಒಂದು ಮನೆಗೆ ಮೊದಲು ಗೋಡೆಗಳಿರಬೇಕು, ಅವು ನೂರು ವರ್ಷ ನಿಲ್ಲುವಂತಿರಬೇಕು. ಅಂದರೆ ಹಿಡಿಯಷ್ಟಾದರೂ ಸ್ಥಿತಿವಂತಿಕೆ ಬೇಕು. ಗುಡಿಸಲಿನಲ್ಲಿ ಹುಟ್ಟಿದವನ, ಕೂಲಿಗೆ ಹೋಗುತ್ತಿದ್ದವಳ ಪೂರ್ವಜರ ಮನೆ ಎಲ್ಲಿದೆ? ಪೋರಬಂದರಿನಲ್ಲಿಯೇ ನೋಡಿದರೆ, ಕಸ್ತೂರಬಾ ಅವರ ತವರುಮನೆ ಗಾಂಧಿಯವರ ಮನೆಯ ಹಿಂಬದಿಯಲ್ಲಿಯೇ ಇದೆ. ಆದರೂ ಊರಿನ ಕೀರ್ತಿಯೆಲ್ಲ ಮುಂದಿನ ಮನೆಯದು. ಮನೆಯನ್ನು ತೋರಿಸುವ ಸಂಗ್ರಹಾಲಯಗಳು ಆ ಮನೆಯನ್ನು ನಡೆಸಿದ ಹೆಂಗಸರನ್ನು ಅಡುಗೆಮನೆಯ ಪಾತ್ರೆಗಳ ಸಾಲಿನಲ್ಲಿ ಸೂಚಿಸಿ ಮುಗಿಸುತ್ತವೆ. ಗಂಡ ಜೈಲಿಗೆ ಹೋದಾಗ ಉಳುಮೆ, ಸಾಲ, ಮಕ್ಕಳು, ಪೊಲೀಸರ ತಪಾಸಣೆ ಇವನ್ನು ಎದುರಿಸಿದವರು ಪಿಂಚಣಿಯ ಅರ್ಜಿಯಲ್ಲಿಯೂ ಇಲ್ಲ, ತಾಮ್ರಪತ್ರದಲ್ಲಿಯೂ ಇಲ್ಲ.

ಇಂಥವರ ಸಂಗ್ರಹಾಲಯವಾಗಿ ಸಾಹಿತ್ಯವು ಕೆಲಸ ಮಾಡಿದ ನಿದರ್ಶನ ಕನ್ನಡದಲ್ಲಿದೆ. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟದಲ್ಲಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯು ಅವರನ್ನು ಕನ್ನಡಿಗರ ಮನಸ್ಸಿನಲ್ಲಿ ನಿಲ್ಲಿಸಿತು. ಆ ತರುಣರ ಮನೆಗಳನ್ನು ನೋಡದ ಸಾವಿರಾರು ಓದುಗರು ಆ ಮನೆಗಳ ಒಲೆಯ ಹೊಗೆಯನ್ನು ಬಲ್ಲರು. ಹುಣಸೂರಿನ ಕಲ್ಲಹಳ್ಳಿಯ ವಿಷಯದಲ್ಲಿಯೂ ಇದೇ ಮಾತು. ಹದಿನಾರನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಒಡೆಯನಾಗಿದ್ದ ಮಂಗರಸನನ್ನು ಇಂದು ಬಲ್ಲವರೆಲ್ಲ ‘ಸಮ್ಯಕ್ತ್ವ ಕೌಮುದಿ’, ‘ಜಯನೃಪಕಾವ್ಯ’, ‘ಸೂಪಶಾಸ್ತ್ರ’ಗಳ ಮೂಲಕ ಬಲ್ಲರು. ಯಾವ ಕೋಣೆಯಲ್ಲಿ ಕುಳಿತು ಬರೆದನೆಂದು ಯಾರೂ ಕೇಳುವುದಿಲ್ಲ. ದೇವರಾಜ ಅರಸರ ಸ್ವಗ್ರಾಮವೂ ಕಲ್ಲಹಳ್ಳಿಯೇ. ಅವರ ನೆನಪು ಊರಿನ ಮನೆಗಿಂತ ಹೆಚ್ಚಾಗಿ, 1974ರ ಭೂಸುಧಾರಣೆಯಿಂದ ಗೇಣಿದಾರನು ಒಡೆಯನಾದ ಸಾವಿರಾರು ಪಹಣಿಗಳಲ್ಲಿದೆ.

ಹಾಗೆಂದು ಮನೆಗಳು ಬೇಡವೆಂದಲ್ಲ. ಒಂದು ಹೊಸ್ತಿಲನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಪುಸ್ತಕದ ವಾಕ್ಯವೊಂದು ಹೊಸದಾಗಿ ಅರ್ಥವಾಗುತ್ತದೆ. ಆದರೆ ಉಳಿಸುವ ಕ್ರಮದಲ್ಲಿ ಪ್ರಾಮಾಣಿಕತೆ ಇರಬೇಕು. ಇದಕ್ಕೆ ಮೇಲ್ಪಂಕ್ತಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಹನ್ನೊಂದನೆಯ ಶತಮಾನದ ಆದಿನಾಥ ಬಸದಿಯಿದೆ. ಇದು ದೇಶೀಗಣ ಪುಸ್ತಕಗಚ್ಛದ ಮುನಿಪರಂಪರೆಯ ಪ್ರಸಿದ್ಧ ಕೇಂದ್ರ. ಅಲ್ಲಿಯ ಶಾಸನವು ಬಸದಿಯ ಮೂಲವನ್ನು ದಶರಥನ ಮಗ ರಾಮನವರೆಗೆ ಒಯ್ಯುತ್ತದೆ. ಮುಂದೆ ದತ್ತಿ ಕೊಟ್ಟವರ ಪರಂಪರೆಯನ್ನು ಹೇಳಿ, ಬಸದಿಯನ್ನು ಹೊಸದಾಗಿಸಿದ ನನ್ನಿ ಚಂಗಾಳ್ವನ ಹೆಸರಿಗೆ ಬರುತ್ತದೆ. ರಾಮನ ಮಾತು ಪುರಾಣ, ಚಂಗಾಳ್ವನ ಮಾತು ಇತಿಹಾಸ. ಎರಡನ್ನೂ ಬೇರ್ಪಡಿಸಿ ಓದುವುದು ಸಂಶೋಧಕನ ಕೆಲಸ. ಆದರೆ ಶಾಸನಕಾರನ ಒಂದು ಶಿಸ್ತನ್ನು ಮೆಚ್ಚಲೇಬೇಕು. ಇದು ಜೀರ್ಣೋದ್ಧಾರವಾದ ಕಟ್ಟಡ, ಉದ್ಧರಿಸಿದವನು ಇಂಥವನು ಎಂದು ಕಲ್ಲಿನ ಮೇಲೆ ಬರೆದಿಟ್ಟನು. ಹೊಸದನ್ನು ಹಳೆಯದೆಂದು ತೋರಿಸಲು ಹೋಗಲಿಲ್ಲ.

ಇಂದಿನ ನವೀಕರಣಗಳಲ್ಲಿ ಈ ಶಿಸ್ತು ಅಪರೂಪ. ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ, ನಾಡಹೆಂಚಿನ ಜಾಗದಲ್ಲಿ ಕಾಂಕ್ರೀಟು, ಅದರ ಮೇಲೆ ಹಳೆಯದರಂತೆ ಕಾಣುವ ಬಣ್ಣ. ಕೊನೆಗೆ ಉದ್ಘಾಟಿಸಿದವರ ಹೆಸರಿನ ದೊಡ್ಡ ಅಮೃತಶಿಲೆಯ ಫಲಕ. ಯಾವ ಕಂಬ ಮೂಲದ್ದು, ಯಾವುದು ಬೇರೆಡೆಯಿಂದ ತಂದದ್ದು, ಮಂಚವು ಆ ವ್ಯಕ್ತಿ ಮಲಗಿದ್ದೇ ಅಥವಾ ಆ ಕಾಲದ ಮಾದರಿಯೇ, ಇದನ್ನು ಹೇಳುವ ನಾಲ್ಕು ಸಾಲು ಎಲ್ಲಿಯೂ ಇರುವುದಿಲ್ಲ. ಪಾಠಾಂತರವನ್ನು ಗುರುತಿಸದ ಗ್ರಂಥಸಂಪಾದನೆಯನ್ನು ಸಾಹಿತ್ಯದ ವಿದ್ಯಾರ್ಥಿ ಒಪ್ಪುವುದಿಲ್ಲ. ಮನೆಯ ಸಂಪಾದನೆಗೂ ಅದೇ ನಿಯಮ ಅನ್ವಯಿಸಬೇಕು. ಮೂಲ ಯಾವುದು, ಪ್ರಕ್ಷೇಪ ಯಾವುದು, ಊಹೆಯಿಂದ ತುಂಬಿದ ಭಾಗ ಯಾವುದು ಎಂಬುದನ್ನು ನೋಡಬಂದವರಿಗೆ ತಿಳಿಸಬೇಕು.

ಹಾಗಾದರೆ ಈ ನಾಲ್ಕು ಸೀಮೆಗಳಲ್ಲಿ ಕೆಲಸ ಎಲ್ಲಿಂದ ಆರಂಭವಾಗಬೇಕು? ಕಟ್ಟಡದಿಂದ ಅಲ್ಲ. ಕಟ್ಟಡಕ್ಕೆ ಅನುದಾನ ಬೇಕು, ಜಾಗದ ತಕರಾರು ಬಗೆಹರಿಯಬೇಕು, ವರ್ಷಗಳು ಹಿಡಿಯುತ್ತವೆ. ಕಾಗದವು ಅಷ್ಟು ಕಾಲ ಕಾಯುವುದಿಲ್ಲ. 1942ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಬದುಕಿದ್ದರೆ ನೂರನ್ನು ದಾಟಿರುತ್ತಾರೆ. ಅವರ ಬಾಯಿಂದ ಕೇಳಿದ ಮಕ್ಕಳೂ ಎಪ್ಪತ್ತು, ಎಂಬತ್ತರ ಅಂಚಿನಲ್ಲಿದ್ದಾರೆ. ತಾಲ್ಲೂಕು ಕೇಂದ್ರಗಳ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಸ್ನಾತಕ ವಿದ್ಯಾರ್ಥಿಗಳಿಗೆ ಕೊಡುವ ಕಿರುಪ್ರಬಂಧಗಳಲ್ಲಿ ಪ್ರತಿವರ್ಷ ಕೆಲವನ್ನಾದರೂ ಇದಕ್ಕೆ ಮೀಸಲಿಡಬಹುದು. ಒಂದು ಮನೆಗೆ ಹೋಗುವುದು, ಪೆಟ್ಟಿಗೆಯಲ್ಲಿರುವುದನ್ನು ಮನೆಯವರ ಒಪ್ಪಿಗೆಯಿಂದ ಛಾಯಾಚಿತ್ರ ತೆಗೆದು ಮೂಲವನ್ನು ಅಲ್ಲಿಯೇ ಬಿಡುವುದು, ಮನೆಯ ಹಿರಿಯ ಹೆಂಗಸಿನ ಮಾತನ್ನು ಆಕೆಯ ಆಡುನುಡಿಯಲ್ಲಿಯೇ ಧ್ವನಿಮುದ್ರಿಸುವುದು, ಬಂದ ದಿನಾಂಕ ಮತ್ತು ಹೇಳಿದವರ ವಿವರ ಬರೆದಿಡುವುದು. ಹಳೆಯ ಕಡತಗಳಲ್ಲಿ ಕೃಷ್ಣರಾಜನಗರವನ್ನು ಎಡತೊರೆ ಎಂಬ ಹೆಸರಿನಲ್ಲಿ ಹುಡುಕಬೇಕೆಂಬುದನ್ನು, ಇಂದಿನ ಸಾಲಿಗ್ರಾಮ ಮತ್ತು ಸರಗೂರು ತಾಲ್ಲೂಕುಗಳು ಅಂದು ಬೇರೆ ತಾಲ್ಲೂಕುಗಳ ಭಾಗಗಳಾಗಿದ್ದವೆಂಬುದನ್ನು ವಿದ್ಯಾರ್ಥಿಗೆ ಮೊದಲೇ ಹೇಳಿಕೊಡಬೇಕು.

ಹೀಗೆ ಹತ್ತು ವರ್ಷ ಕೂಡಿಸಿದ ಮೇಲೆ ಒಂದು ಮನೆ ಬೇಕೆನಿಸಿದರೆ, ಅದು ಮಗ್ಗೆಯಲ್ಲಿರಲಿ, ಹುಣಸೂರಿನಲ್ಲಿರಲಿ, ಆ ಮನೆಯೊಳಗೆ ಇಡಲು ಆಗ ಏನಾದರೂ ಇರುತ್ತದೆ. ಈಗಲೇ ಮನೆ ಕಟ್ಟಿದರೆ ಒಳಗಿಡಲು ದೊಡ್ಡವರ ಪಟಗಳಷ್ಟೇ ಸಿಗುತ್ತವೆ, ಅವು ಎಲ್ಲ ಕಡೆಯೂ ಇವೆ. ಶಾಸ್ತ್ರದಾನದ ಪರಂಪರೆಯ ಈ ನೆಲದಲ್ಲಿ ಇದು ಹೊಸ ವಿಚಾರವೇನಲ್ಲ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗೆ, ಒಂದೇ ಕಡೆ ಭದ್ರವಾಗಿಟ್ಟ ಓಲೆ ಎಂದಾದರೂ ಹಾಳಾಗುತ್ತದೆ, ಹತ್ತು ಕಡೆ ಹಂಚಿದ ಓಲೆ ಉಳಿಯುತ್ತದೆ ಎಂಬುದು ತಿಳಿದಿತ್ತು. ಹೆಗ್ಗಡದೇವನಕೋಟೆಯ ಯಾವುದೋ ಅಟ್ಟದ ಮೇಲೆ ಇಂದು ರಾತ್ರಿ ಗೆದ್ದಲು ಹತ್ತುತ್ತಿರುವ ಅರ್ಜಿಯ ಹಾಳೆಗೆ ಅಂಥ ಇನ್ನೊಂದು ಪ್ರತಿಯಿಲ್ಲ.